ಗೋಡೆ ಸಿಗದ ಈಜು

ಲಗ್ಗೆರೆಗೂ ಸಮುದ್ರಕ್ಕೂ ಏನ್ ಸಂಬಂಧ ಅಂತೀರಾ? ಒಂದು ಲೆಕ್ಕ ಹಾಕಿ ನೋಡಿ. 2022ರಲ್ಲಿ ಬೆಂಗಳೂರಿನ ಸುಚೇತಾ ದೇಬ್ ಬರ್ಮನ್ ಧನುಷ್ಕೋಟಿಯಿಂದ ಶ್ರೀಲಂಕಾದ ತಲೈಮನ್ನಾರಿಗೆ ಈಜಿ, ವಾಪಸ್ಸೂ ಈಜಿಕೊಂಡೇ ಬಂದ್ರು. ಸುಮಾರು 62 ಕಿ.ಮೀ., ಹತ್ತೊಂಬತ್ತೂವರೆ ಗಂಟೆ. 25 ಮೀಟರ್ ಪೂಲ್‌ನಲ್ಲಾದ್ರೆ ಈ ತುದಿಯಿಂದ ಆ ತುದಿಗೆ 2,480 ಸಲ!

ಪೂಲ್‌ನಲ್ಲಿ ಪ್ರತಿ ಸಲ ಗೋಡೆ ಸಿಗುತ್ತೆ. ಸಮುದ್ರದಲ್ಲಿ ಬೋಟ್ ಪಕ್ಕದಲ್ಲೇ ಇದ್ರೂ ಮುಟ್ಟೋ ಹಾಗಿಲ್ಲ. ಊಟವೂ ನೀರಲ್ಲೇ, ತೇಲ್ತಾ. ಉಪ್ಪಿಗೆ ನಾಲಿಗೆ ಊದುತ್ತೆ, ಕಂಕುಳು ಉಜ್ಜಿ ಉಜ್ಜಿ ಸುಲಿಯುತ್ತೆ. ಎದುರು ಸೆಳೆತ ಇದ್ರೆ ಗಂಟೆಗಟ್ಟಲೆ ಕೈ ಬೀಸಿದ್ರೂ ಇದ್ದಲ್ಲೇ. ಮನಸ್ಸು ಕುಸಿಯೋದು ಅಲ್ಲೇ, ನನ್ನ ಪ್ರಕಾರ.

ಇದನ್ನೆಲ್ಲ ನಾವು ‘ಗುಂಡಿಗೆ’ ಅಂತ ಹೊಗಳಿ ಮುಗಿಸ್ತೀವಿ. ನಾನು ಒಪ್ಪಲ್ಲ. ರೀಲ್ಸ್‌ಗೋಸ್ಕರ ಕೆರೆಗೆ, ಕ್ವಾರಿಗೆ ಹಾರಿ ಹೆಣವಾಗೋ ಹುಡುಗರಿಗೂ ಗುಂಡಿಗೆ ಇರುತ್ತೆ. ಬೋಟಲ್ಲಿರೋರು ‘ಸಾಕು, ಹತ್ತು’ ಅಂದಾಗ ಹತ್ತೋ ಬುದ್ಧಿ ಬೇಕು. ಮೈ ತೀರಾ ತಣ್ಣಗಾದ್ರೆ ಆ ಬುದ್ಧಿಯೇ ಮಂಕಾಗುತ್ತೆ, ಅದಕ್ಕೇ ನಿಲ್ಲಿಸೋ ಅಧಿಕಾರ ಬೋಟಲ್ಲಿರೋರಿಗೆ.

ನಿಮ್ಮ ಮಗ ಕೆರೆಗೆ ಈಜಕ್ಕೆ ಹೋಗ್ತೀನಿ ಅಂದ್ರೆ ಮೊದಲು ಕೇಳಿ: ದಡದಲ್ಲಿ ಯಾರಿರ್ತಾರೆ?