ಕಿಡಿಯ ಅಂತರ

ಬಿ.ಎ. ತರಗತಿಯ ವಿದ್ಯಾರ್ಥಿಯು ಎಂಜಿನ್ನಿನ ವಿಷಯವಾಗಿ ಬರೆಯಹೊರಟರೆ ಸಹಪಾಠಿಗಳು ನಗಬಹುದು. ಆದರೆ ನನ್ನ ತಂದೆಯವರು ಕಿರಂಗೂರಿನಲ್ಲಿ ರಸ್ತೆಬದಿಯ ಮೆಕ್ಯಾನಿಕ್ಕು. 1996ರಲ್ಲಿ ಮುಚ್ಚಿಹೋದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಎಜ್ಡಿ ಗಾಡಿಗಳನ್ನು ಬಿಚ್ಚಿ ಜೋಡಿಸಿಯೇ ಅವರು ಕೆಲಸ ಕಲಿತುದು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನು ನಾನು. ನನ್ನ ಶುಲ್ಕವೆಲ್ಲ ಅವರ ಎಣ್ಣೆಗೈಯಿಂದ ಬಂದುದು.

ಕಳೆದ ದಸರಾ ರಜೆಯಲ್ಲಿ ಟರ್ಬೊ ಪೆಟ್ರೋಲ್ ಕಾರೊಂದು ಅಂಗಡಿಗೆ ಬಂದಿತು. ಮಾಲೀಕರು ಬೇರೆಲ್ಲಿಯೋ ಅದರ ಕಂಪ್ಯೂಟರನ್ನು ತಿದ್ದಿಸಿ ಬೂಸ್ಟ್ ಹೆಚ್ಚಿಸಿದ್ದರು. ಊರೊಳಗೆ ಸರಾಗವಾಗಿ ಓಡುವುದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಪೆಡಲನ್ನು ಪೂರ್ತಿ ಒತ್ತಿದೊಡನೆ ಮುಗ್ಗರಿಸುವುದು. ತಂದೆಯವರು ಹೊರಗೆ ಹೋಗಿದ್ದರು. ನಾನು ಕೈಪಿಡಿಯನ್ನು ನೋಡಿ, ಅಲ್ಲಿ ಅಚ್ಚಾಗಿದ್ದ 0.8 ಮಿಲಿಮೀಟರ್ ಅಂತರಕ್ಕೆ ಹೊಸ ಪ್ಲಗ್ಗುಗಳನ್ನು ಹೊಂದಿಸಿಕೊಟ್ಟೆ. ಗಂಟೆಯೊಳಗೆ ಕಾರು ಹಿಂದಿರುಗಿತು. ಲಾರಿಯನ್ನು ದಾಟುವಾಗ, ಸರಿಯಾಗಿ ಅದರ ಪಕ್ಕದಲ್ಲಿಯೇ ಎಂಜಿನ್ ಮುಗ್ಗರಿಸಿತಂತೆ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು.

ಅಷ್ಟರಲ್ಲಿ ಬಂದ ತಂದೆಯವರು ಕಾಯಿಲುಗಳನ್ನು ಪರೀಕ್ಷಿಸಿ, ಅಂತರವನ್ನು 0.65ಕ್ಕೆ ಇಳಿಸಿದರು. ಮುಗ್ಗರಿಕೆ ನಿಂತಿತು. "ಗಾಳಿ ಜೋರಾದ್ರೆ ದೀಪ ಆರ್ತದೆ ಕಣೊ" ಎಂದಷ್ಟೇ ನುಡಿದರು.

ಬಳಿಕ ಓದಿ ತಿಳಿದೆ: ಇದು ಬರಿಯ ಗಾಳಿ–ದೀಪದ ಮಾತಲ್ಲ. ಕಿಡಿಯು ಹಾರಲು ಬೇಕಾದ ವೋಲ್ಟೇಜು ಅನಿಲದ ಸಾಂದ್ರತೆ ಮತ್ತು ಅಂತರ ಇವೆರಡನ್ನೂ ಅವಲಂಬಿಸಿದೆ. ಒತ್ತಡ ಮತ್ತು ಅಂತರಗಳ ಈ ಸಂಬಂಧವನ್ನು ಜರ್ಮನಿಯ ಪಾಶೆನ್ ಎಂಬಾತನು 1889ರಲ್ಲಿಯೇ ತೋರಿಸಿಕೊಟ್ಟನು. ಬೂಸ್ಟ್ ಏರಿದಂತೆ ಸಿಲಿಂಡರಿನೊಳಗೆ ಅನಿಲವು ಹೆಚ್ಚು ಒತ್ತಾಗಿ ತುಂಬುತ್ತದೆ. ಕಾಯಿಲಿನ ಶಕ್ತಿಯಾದರೋ ಮೊದಲಿದ್ದಷ್ಟೇ. ಆದುದರಿಂದ ಅಂತರವನ್ನು ಕಿರಿದಾಗಿಸಲೇಬೇಕು.

ಹಾಗೆಂದು ವಿಪರೀತ ಕಿರಿದಾಗಿಸುವುದೂ ಸಲ್ಲದು. ಕಿಡಿ ಪುಟ್ಟದಾದರೆ ಜ್ವಾಲೆಯು ಬಲವಾಗಿ ಹುಟ್ಟದೆ ಎಂಜಿನ್ ನಿಂತಲ್ಲೇ ನಡುಗುತ್ತದೆ. ಪೂರ್ಣ ಭಾರದಲ್ಲಿಯೂ ತಪ್ಪದೆ ಉರಿಯುವಷ್ಟರಲ್ಲಿ ಅತಿ ಹೆಚ್ಚಿನದು ಯಾವುದೋ ಅದೇ ಸರಿಯಾದ ಅಂತರ. 0.05 ಮಿಲಿಮೀಟರಿನಂತೆ ಇಳಿಸುತ್ತ ಅದನ್ನು ಕಂಡುಕೊಳ್ಳಬೇಕು. ಕಣ್ಣಳತೆ ಸಾಲದು, ಗೇಜು ಬೇಕು. ಇರಿಡಿಯಂ ಪ್ಲಗ್ಗಿನ ನಡುವಣ ಸೂಕ್ಷ್ಮ ತುದಿಯನ್ನು ಮೀಟಬಾರದು. ಹೊರಗಿನ ಕೊಕ್ಕೆಯನ್ನಷ್ಟೇ ಮೆಲ್ಲನೆ ಬಾಗಿಸಬೇಕು.

ಕೈಪಿಡಿಯು ಸುಳ್ಳು ಹೇಳಿರಲಿಲ್ಲ. ತಯಾರಕರು ಕಟ್ಟಿದ ಎಂಜಿನ್ನಿಗೆ ಅದರ ಅಂಕಿ ಸರಿಯೇ. ಆದರೆ ನನ್ನೆದುರಿಗಿದ್ದುದು ಆ ಎಂಜಿನ್ ಆಗಿರಲಿಲ್ಲ. ಅಚ್ಚಾದ ಅಂಕಿಯನ್ನು ನಂಬುವ ಮುನ್ನ ಅದು ಯಾವ ಸ್ಥಿತಿಗೆ ಹೇಳಿದುದೆಂದು ಕೇಳುವುದೇ ವಿದ್ಯಾವಂತನ ಲಕ್ಷಣವೆಂದು ನನ್ನ ನಮ್ರ ಅಭಿಪ್ರಾಯ. ಮೂರು ವರ್ಷ ಓದಿದ ನಾನು ಅಂದು ಅದನ್ನು ಕೇಳಲಿಲ್ಲ. ಶಾಲೆ ಬಿಟ್ಟ ತಂದೆಯವರು ಕೇಳಿದರು. ನನ್ನ ಓದು ಅವರ ವಿವರಣೆಯನ್ನು ಕೊಂಚ ತಿದ್ದಬಲ್ಲದು. ಅವರ ಕೈಯನ್ನು ತಿದ್ದಲಾರದು.