ಊರುಗೋಲೋ, ಹಿಮಗೊಡಲಿಯೋ?

ಚಳಿಗಾಲದ ರಜೆ ಸಮೀಪಿಸಿತೆಂದರೆ ಸರ್ಜಾಪುರದ ಸುತ್ತಮುತ್ತಣ ತರುಣರಲ್ಲಿ ಹಿಮಾಲಯದ ಮಾತು ಮೊದಲಾಗುತ್ತದೆ. ಕುಮಾರಪರ್ವತ, ಕುದುರೆಮುಖಗಳನ್ನು ಹತ್ತಿ ಬಂದವರು ಉತ್ತರಾಖಂಡದ ಕೇದಾರಕಂಠದಂತಹ, 3,800 ಮೀಟರಿನಷ್ಟು ಎತ್ತರದ ಹಿಮಾವೃತ ಶಿಖರಗಳಿಗೆ ಹೊರಡುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಸಾಮಾನು ಹೊಂದಿಸುವಾಗ ಒಂದು ಪ್ರಶ್ನೆ ಏಳುತ್ತದೆ: ಕೈಯಲ್ಲಿ ಊರುಗೋಲಿರಬೇಕೆ, ಹಿಮಗೊಡಲಿಯಿರಬೇಕೆ? ಅಂಗಡಿಯವನ ಮಾತಿನಿಂದಾಗಲಿ, ಚಿತ್ರದಲ್ಲಿ ಕಂಡ ಆರೋಹಿಯ ಠೀವಿಯಿಂದಾಗಲಿ ಇದನ್ನು ತೀರ್ಮಾನಿಸತಕ್ಕದ್ದಲ್ಲ. ಇದರ ಉತ್ತರವು ನೀವು ಓದುವ ಭೌತಶಾಸ್ತ್ರದಲ್ಲಿಯೇ ಇದೆ.

ಮೊದಲು ಊರುಗೋಲನ್ನು ನೋಡೋಣ. ದೇಹದ ಗುರುತ್ವಕೇಂದ್ರದಿಂದ ಕೆಳಗಿಳಿಸಿದ ಲಂಬರೇಖೆಯು ಪಾದಗಳ ನಡುವಣ ಆಧಾರತಲದೊಳಗೆ ಬೀಳುವವರೆಗೆ ನಾವು ಬೀಳುವುದಿಲ್ಲ. ಎರಡು ಕೋಲುಗಳನ್ನು ಊರಿದೊಡನೆ ಆ ತಲ ಬಹಳ ವಿಶಾಲವಾಗುತ್ತದೆ. ಮನುಷ್ಯನು ತಾತ್ಕಾಲಿಕವಾಗಿ ಚತುಷ್ಪಾದಿಯಾಗುತ್ತಾನೆ. ಇಳಿಜಾರಿನಲ್ಲಿ ಭಾರದ ಒಂದು ಪಾಲು ತೋಳುಗಳಿಗೆ ಹೋಗುವುದರಿಂದ ಮಂಡಿಗಳಿಗೂ ನೆಮ್ಮದಿ. ಇಳಿಯುವಾಗ ಮಂಡಿಯ ಕೀಲಿನ ಮೇಲಣ ಬಲಗಳು ಕೋಲುಗಳಿಂದ ಶೇಕಡ 12ರಿಂದ 25ರಷ್ಟು ಕಡಮೆಯಾಗುತ್ತವೆಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮುಳ್ಳಯ್ಯನಗಿರಿಯು ನಮ್ಮ ರಾಜ್ಯದಲ್ಲಿ ಅತ್ಯುನ್ನತವಾದರೂ ಸುಮಾರು 1,930 ಮೀಟರು ಮಾತ್ರ, ಅಲ್ಲಿ ಹಿಮವಿಲ್ಲ. ಪಾಚಿಗಟ್ಟಿದ ಬಂಡೆ, ಒದ್ದೆ ಹುಲ್ಲು, ಕೆಸರು ಇವೇ ನಮ್ಮ ಮಲೆಗಳ ಶತ್ರುಗಳು. ಇವುಗಳಿಗೆ ಕೋಲೇ ಸಾಕು, ಕೊಡಲಿ ವ್ಯರ್ಥಭಾರ.

ಗಟ್ಟಿ ಹಿಮದ ಮೇಲೆ ಲೆಕ್ಕವೇ ಬೇರೆ. ಒಣಬಂಡೆಯ ಮೇಲೆ ಪಾದರಕ್ಷೆಯ ಘರ್ಷಣಾಂಕ 0.6 ಎಂದಿಟ್ಟುಕೊಂಡರೆ 31 ಡಿಗ್ರಿ ಇಳಿಜಾರಿನವರೆಗೂ ಕಾಲು ಜಾರದು. ಅದೇ ಅಂಕ 0.1ಕ್ಕೆ ಇಳಿಯಿತೆನ್ನಿ, 6 ಡಿಗ್ರಿಯೇ ಮಿತಿ. ಅಂತಹ ಹಿಮವಿರುವ 30 ಡಿಗ್ರಿ ಇಳಿಜಾರಿನಲ್ಲಿ ಬಿದ್ದವನ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 4 ಮೀಟರು. ಮೂರು ಸೆಕೆಂಡುಗಳಲ್ಲಿ ಅವನು 18 ಮೀಟರು ಜಾರಿ, ಗಂಟೆಗೆ 43 ಕಿಲೋಮೀಟರಿಗೂ ಮೀರಿದ ವೇಗವನ್ನು ಪಡೆದಿರುತ್ತಾನೆ. ಮೊದಲ ಸೆಕೆಂಡಿನ ಕೊನೆಯಲ್ಲಿದ್ದುದಕ್ಕಿಂತ ಅವನ ಚಲನಶಕ್ತಿ ಆಗ ಒಂಬತ್ತು ಪಟ್ಟು. ಆದಕಾರಣ ತಡೆಯುವುದಾದರೆ ಮೊದಲ ಕ್ಷಣದಲ್ಲಿಯೇ ತಡೆಯಬೇಕು.

ಇಲ್ಲಿ ಕೋಲು ಸೋಲುತ್ತದೆ. ಅದರ ಮೊನೆಯೂ ಚೂಪಾದುದೇ. ಆದರೆ ಮೊನೆಗೂ ಹಿಡಿಗೂ ಒಂದು ಮೀಟರಿಗಿಂತ ಹೆಚ್ಚು ಅಂತರ. ಜಾರುತ್ತಿರುವವನು ಆ ದೂರದಿಂದ ಮೊನೆಯನ್ನು ಹಿಮದೊಳಕ್ಕೆ ಒತ್ತಿ ಹಿಡಿಯಲಾರನು. ತೆಳು ಕೊಳವೆಯೂ ಬಾಗೀತು. ಹಿಮಗೊಡಲಿಯನ್ನು ಹಿಡಿಯುವ ಕ್ರಮವೇ ಬೇರೆ. ಒಂದು ಕೈ ಅದರ ತಲೆಯ ಮೇಲೆ, ಇನ್ನೊಂದು ಹಿಡಿಯ ತುದಿಯ ಬಳಿ, ಕೊಕ್ಕು ಹೆಗಲ ಹತ್ತಿರ. ಬೋರಲಾಗಿ ಎದೆಯ ಭಾರವನ್ನೆಲ್ಲ ಅದರ ಮೇಲೆ ಹಾಕಬೇಕು. ಇಡೀ ಭಾರ ಅಲ್ಪ ವಿಸ್ತೀರ್ಣದ ಕೊಕ್ಕಿನ ಮೇಲೆ ಬೀಳುವುದರಿಂದ ಒತ್ತಡ ಹೆಚ್ಚಿ, ಕೊಕ್ಕು ಹಿಮವನ್ನು ಸೀಳುತ್ತ ವೇಗವನ್ನು ತಗ್ಗಿಸುತ್ತದೆ. ಕೋಲು ಬೀಳದಂತೆ ಕಾಯುವ ಸಾಧನ; ಕೊಡಲಿ ಬಿದ್ದ ಮೇಲೂ ಕಾಯಬಲ್ಲ ಸಾಧನ.

ಹಾಗಾದರೆ ಎಲ್ಲರೂ ಕೊಡಲಿಯನ್ನೇ ಒಯ್ಯಲಿ, ಅದನ್ನೇ ಕೋಲಾಗಿಯೂ ಊರಲಿ ಎನ್ನುವವರುಂಟು. ಈ ವಾದವನ್ನು ನಾನು ಒಪ್ಪಲಾರೆ. ನಡಿಗೆಯ ಕೊಡಲಿಯ ಉದ್ದ ಸಾಮಾನ್ಯವಾಗಿ 50ರಿಂದ 70 ಸೆಂಟಿಮೀಟರು. ಕಡಿದಾದ ಇಳಿಜಾರಿನಲ್ಲಿ ಮೇಲ್ಬದಿಯ ಕೈಗೆ ಅದು ಒಪ್ಪುತ್ತದೆ, ಸಮನೆಲದಲ್ಲಿ ಭೂಮಿಯನ್ನೇ ಮುಟ್ಟದು. ಅಭ್ಯಾಸವಿಲ್ಲದವನ ಕೈಯಲ್ಲಿ ಅದರ ಕೊಕ್ಕು ಅವನನ್ನೇ ಇರಿದೀತು. ಪಾದರಕ್ಷೆಗೆ ಉದ್ದನೆಯ ಉಕ್ಕಿನ ಮುಳ್ಳುಗಳನ್ನು ಕಟ್ಟಿದ್ದರೆ ಜಾರುವಾಗ ಕಾಲುಗಳನ್ನು ಮೇಲೆತ್ತಿರಬೇಕು. ಇಲ್ಲವಾದರೆ ಅವು ಹಿಮಕ್ಕೆ ಕಚ್ಚಿ ದೇಹ ಪಲ್ಟಿಯಾಗುತ್ತದೆ. ಪುಸ್ತಕ ಓದಿ ಈಜು ಬಾರದಂತೆ ಇದೂ ಬಾರದು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಹೆಮ್ಮೆ ಹಿಮದ ಮುಂದೆ ನಡೆಯದು.

ಸಾಧನದ ಮಿತಿಯನ್ನೂ ಅರಿಯಬೇಕು. 2024ರ ಜೂನಿನಲ್ಲಿ ಉತ್ತರಾಖಂಡದ ಸಹಸ್ರತಾಲದ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದಿಂದ ಹೋದ ತಂಡದ 9 ಮಂದಿ ಅಸುನೀಗಿದರು. ಬಿರುಗಾಳಿ ದೇಹದ ಶಾಖವನ್ನು ಕಸಿಯುವಾಗ ಕೋಲೂ ಕೊಡಲಿಯೂ ಒಂದೇ. ಅಲ್ಲಿ ರಕ್ಷಿಸುವವು ಬೆಚ್ಚನೆಯ ಒಣ ಉಡುಪು, ಆಸರೆ ಮತ್ತು ಸಕಾಲದಲ್ಲಿ ಹಿಂದಿರುಗುವ ವಿವೇಕ.

ನನ್ನ ಅಭಿಪ್ರಾಯವಿಷ್ಟು. ನಮ್ಮ ಮಲೆಗಳಿಗೂ, ಹಿಮಾಲಯದ ಸೌಮ್ಯವಾದ ಹಿಮದ ಹಾದಿಗಳಿಗೂ ಊರುಗೋಲು; ಎರಡನೆಯದರಲ್ಲಿ ಪಾದರಕ್ಷೆಗೆ ಚಿಕ್ಕ ಮುಳ್ಳುಗಳೂ ಇರಲಿ. ಜಾರಿದರೆ ನಿಲ್ಲಲಾಗದ ಕಡಿದಾದ ಗಟ್ಟಿಹಿಮಕ್ಕೆ ಕೊಡಲಿ, ಅದೂ ಶಿಕ್ಷಣ ಪಡೆದವನ ಕೈಯಲ್ಲಿ. ಡಾರ್ಜಿಲಿಂಗಿನಲ್ಲಿ 1954ರಲ್ಲಿಯೂ, ಉತ್ತರಕಾಶಿಯಲ್ಲಿ 1965ರಲ್ಲಿಯೂ ಸ್ಥಾಪಿತವಾದ ಪರ್ವತಾರೋಹಣ ಸಂಸ್ಥೆಗಳು ಈ ವಿದ್ಯೆಯನ್ನು ಕಲಿಸುತ್ತಿವೆ. ಕಲಿಯದವನು ಅಂತಹ ಇಳಿಜಾರಿಗೆ ಕಾಲಿಡದಿರುವುದೇ ಲೇಸು. ತರುಣ ವಾಚಕರೇ, ಕೊಡಲಿಯನ್ನು ಬಾಡಿಗೆಗೆ ತರಬಹುದು. ಅದನ್ನು ಬಳಸುವ ಅಭ್ಯಾಸವನ್ನು ತರಲಾಗದು.