ಬಯೋಮೆಟ್ರಿಕ್ ಸಂಶೋಧನೆ: ವಿಶ್ವವಿದ್ಯಾಲಯ–ಉದ್ಯಮ ಸಹಭಾಗಿತ್ವ ಹಾಗೂ ದುಡಿಯುವ ಕೈಗಳ ಬೆರಳಚ್ಚು

ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಜಡೆ ಹೋಬಳಿಯು ಭತ್ತ, ಅಡಿಕೆ, ಶುಂಠಿ ಬೆಳೆಯುವ ಮಲೆನಾಡಿನ ಅಂಚಿನ ಪ್ರದೇಶದಲ್ಲಿದೆ. ಸಸಿ ನಾಟಿ, ಕಳೆ ತೆಗೆಯುವಿಕೆ, ಅಡಿಕೆ ಸುಲಿಯುವಿಕೆಯಂತಹ ಕೆಲಸಗಳಲ್ಲಿ ಬೆರಳ ತುದಿಯ ಗೆರೆಗಳು ಸವೆಯುತ್ತವೆ. ವಯಸ್ಸಾದಂತೆ ಚರ್ಮ ಒಣಗಿ ಅವು ಇನ್ನಷ್ಟು ಮಸುಕಾಗುತ್ತವೆ. ನ್ಯಾಯಬೆಲೆ ಅಂಗಡಿಯಲ್ಲಿ ಪಡಿತರ ಪಡೆಯಲು ಹೆಬ್ಬೆಟ್ಟನ್ನು ಯಂತ್ರದ ಮೇಲಿಡಬೇಕಾದ ಇಂದಿನ ದಿನಗಳಲ್ಲಿ, ಬೆರಳಚ್ಚಿನ ಸಂಶೋಧನೆ ಯಾರ ಬೆರಳುಗಳನ್ನು ಆಧರಿಸಿದೆ ಎಂಬ ಪ್ರಶ್ನೆ ಇಂತಹ ಗ್ರಾಮಗಳಿಗೆ ನೇರವಾಗಿ ಸಂಬಂಧಿಸಿದ್ದಾಗಿದೆ.

ರಾಜ್ಯದ ಹಿನ್ನೆಲೆ

ರಾಜ್ಯದ ಕಂದಾಯ ಆಡಳಿತದಲ್ಲಿ ಬೆರಳಚ್ಚು ತಂತ್ರಜ್ಞಾನವು ಮೊದಲು ಬಳಕೆಯಾದುದು ನೌಕರರ ಹೊಣೆಗಾರಿಕೆಗಾಗಿ. 2001ರಲ್ಲಿ ಉದ್ಘಾಟನೆಗೊಂಡ ‘ಭೂಮಿ’ ಯೋಜನೆಯಲ್ಲಿ ಪಹಣಿಯ ತಿದ್ದುಪಡಿ ಮಾಡಿದವರು ಯಾರೆಂಬುದು ದಾಖಲಾಗುವಂತೆ ಸಿಬ್ಬಂದಿಯ ಬೆರಳಚ್ಚನ್ನು ಪಡೆಯುವ ವ್ಯವಸ್ಥೆ ರೂಪಿಸಲಾಯಿತು. 2010ರಲ್ಲಿ ಆಧಾರ್ ನೋಂದಣಿ ಆರಂಭವಾದ ಮೇಲೆ ಇದೇ ತಂತ್ರಜ್ಞಾನವು ಸಾಮಾನ್ಯ ನಾಗರಿಕರೆಲ್ಲರನ್ನೂ ತಲುಪಿತು.

ಕರ್ನಾಟಕ ಸರ್ಕಾರ ಹಾಗೂ ಮಾಹಿತಿ ತಂತ್ರಜ್ಞಾನ ಉದ್ಯಮದ ಜಂಟಿ ನೆರವಿನಿಂದ 1999ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಅಂತಾರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯು (ಐಐಐಟಿ–ಬಿ) ಈ ಕ್ಷೇತ್ರದ ಸಹಭಾಗಿತ್ವಕ್ಕೆ ಉತ್ತಮ ನಿದರ್ಶನ. 2018ರಲ್ಲಿ ಇಲ್ಲಿ ಆರಂಭವಾದ ‘ಮೋಸಿಪ್’ ಎಂಬ ಮುಕ್ತ ತಂತ್ರಾಂಶ ಯೋಜನೆಗೆ ಗೇಟ್ಸ್ ಪ್ರತಿಷ್ಠಾನ, ಒಮಿಡ್ಯಾರ್ ನೆಟ್‌ವರ್ಕ್ ಹಾಗೂ ಟಾಟಾ ಟ್ರಸ್ಟ್ಸ್ ಆರ್ಥಿಕ ನೆರವು ನೀಡಿವೆ. ಫಿಲಿಪ್ಪೀನ್ಸ್, ಮೊರಾಕ್ಕೊ, ಇಥಿಯೋಪಿಯ ಮುಂತಾದ ದೇಶಗಳು ತಮ್ಮ ಗುರುತಿನ ವ್ಯವಸ್ಥೆಗೆ ಇದನ್ನು ಆಯ್ದುಕೊಂಡಿವೆ. ಬೇರೆ ಬೇರೆ ಕಂಪನಿಗಳ ಬೆರಳಚ್ಚು ಯಂತ್ರಗಳು ಒಂದೇ ಮಾನದಂಡಕ್ಕೆ ಹೊಂದಿಕೊಳ್ಳುವಂತೆ ಮಾಡಿ, ಸರ್ಕಾರವು ಒಂದೇ ಕಂಪನಿಯನ್ನು ಅವಲಂಬಿಸುವುದನ್ನು ತಪ್ಪಿಸುವುದು ಇದರ ವೈಶಿಷ್ಟ್ಯ.

ಸಹಭಾಗಿತ್ವದ ಸ್ವರೂಪ

ಉದ್ಯಮವು ಹಣ ಮತ್ತು ಯಂತ್ರಗಳನ್ನೂ, ವಿಶ್ವವಿದ್ಯಾಲಯವು ಸಂಶೋಧಕರನ್ನೂ ಸ್ವತಂತ್ರ ಪರೀಕ್ಷೆಯನ್ನೂ ಒದಗಿಸುವುದು ಸಾಮಾನ್ಯ ಕ್ರಮ. ಅಮೆರಿಕದಲ್ಲಿ 2001ರಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಬೆಂಬಲದೊಂದಿಗೆ ರೂಪುಗೊಂಡ ‘ಸಿಟರ್’ ಕೇಂದ್ರದಲ್ಲಿ ಸದಸ್ಯ ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ಶುಲ್ಕ ನೀಡಿ ಸಂಶೋಧನಾ ವಿಷಯಗಳ ಆಯ್ಕೆಯಲ್ಲಿ ಪಾಲ್ಗೊಳ್ಳುತ್ತವೆ. ಭಾರತದಲ್ಲಿ 2023ರ ಮೇ ತಿಂಗಳಲ್ಲಿ ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರವು, ಯಂತ್ರವನ್ನು ಮುಟ್ಟದೆಯೇ ಬೆರಳಚ್ಚು ಪಡೆಯುವ ವಿಧಾನದ ಅಭಿವೃದ್ಧಿಗಾಗಿ ಐಐಟಿ ಮುಂಬಯಿಯೊಂದಿಗೆ ಒಪ್ಪಂದ ಮಾಡಿಕೊಂಡಿತು.

ಮಾದರಿಗಳ ಸಮಸ್ಯೆ

ಬೆರಳಚ್ಚು ಯಂತ್ರವು ‘ಹೌದು’ ಅಥವಾ ‘ಅಲ್ಲ’ ಎಂದು ಹೇಳುವುದು ಹೋಲಿಕೆಯ ಅಂಕದ ಆಧಾರದ ಮೇಲೆ. ವಂಚಕರನ್ನು ತಡೆಯಲು ಕನಿಷ್ಠ ಅಂಕವನ್ನು ಹೆಚ್ಚಿಸಿದಷ್ಟೂ ನಿಜವಾದ ಫಲಾನುಭವಿಗಳು ತಿರಸ್ಕೃತರಾಗುವ ಸಂಭವ ಹೆಚ್ಚುತ್ತದೆ. ಸವೆದ ಬೆರಳುಗಳ ಮೇಲೆ ಈ ಹೊರೆ ಮೊದಲು ಬೀಳುತ್ತದೆ. ಆದ್ದರಿಂದ ಯಂತ್ರವನ್ನು ಯಾವ ಮಾದರಿಗಳಿಂದ ಪರೀಕ್ಷಿಸಲಾಯಿತು ಎಂಬುದು ನಿರ್ಣಾಯಕ.

ಆಧಾರ್ ಕಾಯ್ದೆ, 2016ರ 29ನೇ ಪ್ರಕರಣದಂತೆ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಮೂಲ ಮಾಹಿತಿಯನ್ನು ಯಾರೊಂದಿಗೂ ಹಂಚಿಕೊಳ್ಳುವಂತಿಲ್ಲ. ಈ ನಿರ್ಬಂಧವು ನಾಗರಿಕರ ರಕ್ಷಣೆಗೆ ಅಗತ್ಯವಾದುದೇ ಆಗಿದೆ. ಆದರೆ ಇದರಿಂದಾಗಿ ಸಂಶೋಧಕರು ಸ್ವಯಂಸೇವಕರಿಂದ ಮಾದರಿಗಳನ್ನು ತಾವೇ ಸಂಗ್ರಹಿಸಬೇಕಾಗುತ್ತದೆ. ಆವರಣದಲ್ಲಿ ಸುಲಭವಾಗಿ ದೊರೆಯುವವರು ವಿದ್ಯಾರ್ಥಿಗಳು. ಅವರ ಬೆರಳುಗಳಲ್ಲಿ ಯಶಸ್ವಿಯಾದ ವಿಧಾನವು ಜಡೆಯ ಕೃಷಿ ಕಾರ್ಮಿಕರ ಬೆರಳುಗಳಲ್ಲಿಯೂ ಯಶಸ್ವಿಯಾಗುವುದೆಂದು ಭಾವಿಸಲಾಗದು.

ಹಕ್ಕುಗಳ ರಕ್ಷಣೆ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಸಂಶೋಧನೆಗೆ ಷರತ್ತುಬದ್ಧ ವಿನಾಯಿತಿ ನೀಡಿದೆಯಾದರೂ, ಆ ದತ್ತಾಂಶವನ್ನು ನಿರ್ದಿಷ್ಟ ವ್ಯಕ್ತಿಯ ಕುರಿತ ನಿರ್ಧಾರಕ್ಕೆ ಬಳಸುವಂತಿಲ್ಲ. ಗುಪ್ತಪದವನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು. ಹಾಗಾಗಿ ಮಾದರಿ ನೀಡುವವರಿಗೆ ಅವರ ಭಾಷೆಯಲ್ಲಿಯೇ ಉದ್ದೇಶವನ್ನು ವಿವರಿಸಿ ಒಪ್ಪಿಗೆ ಪಡೆಯುವುದು ಅವಶ್ಯ.

ಮುಂದಿನ ಹಾದಿ

ಸಹಭಾಗಿತ್ವದ ಒಪ್ಪಂದಗಳಲ್ಲಿ ಮೂರು ಅಂಶಗಳು ಸ್ಪಷ್ಟವಾಗಿರಬೇಕು. ಮೊದಲನೆಯದು, ಕೃಷಿ ಕಾರ್ಮಿಕರು, ಕುಶಲಕರ್ಮಿಗಳು ಹಾಗೂ ವಯೋವೃದ್ಧರು ಪರೀಕ್ಷೆಯಲ್ಲಿ ಸೇರಿರಬೇಕು. ಎರಡನೆಯದು, ಸಂಗ್ರಹಿಸಿದ ಮಾದರಿಗಳ ಒಡೆತನ ಮತ್ತು ನಾಶಪಡಿಸುವ ಅವಧಿ ನಿಗದಿಯಾಗಿರಬೇಕು. ಮೂರನೆಯದು, ಯಂತ್ರವು ವಿಫಲವಾದ ಪ್ರಮಾಣವನ್ನು ಪ್ರಕಟಿಸುವ ಸ್ವಾತಂತ್ರ್ಯ ವಿಶ್ವವಿದ್ಯಾಲಯಕ್ಕೆ ಇರಬೇಕು. ಹಣ ನೀಡಿದ ಸಂಸ್ಥೆಯ ಅನುಮತಿಗೆ ಅದು ಒಳಪಟ್ಟರೆ ಸಂಶೋಧನೆಯು ಕೇವಲ ಪ್ರಚಾರವಾಗುವ ಅಪಾಯವಿದೆ.

ಸಂಶೋಧನೆಯ ಫಲ ದೊರೆಯುವವರೆಗೆ ಸಾರ್ವಜನಿಕರು ತಿಳಿದಿರಬೇಕಾದ ವಿಷಯವೊಂದಿದೆ. ಬೆರಳಚ್ಚು ಹೊಂದಿಕೆಯಾಗದ ಕಾರಣಕ್ಕೆ ಅರ್ಹರಿಗೆ ಪಡಿತರ ಹಾಗೂ ಇತರ ಸೌಲಭ್ಯಗಳನ್ನು ನಿರಾಕರಿಸಬಾರದೆಂದು, ಪರ್ಯಾಯ ವಿಧಾನದಿಂದ ಗುರುತು ಖಚಿತಪಡಿಸಿಕೊಳ್ಳಬೇಕೆಂದು 2017ರಲ್ಲಿಯೇ ಸುತ್ತೋಲೆ ಹೊರಡಿಸಲಾಗಿದೆ. ಗೆರೆ ಸವೆದವರು ಆಧಾರ್ ಕೇಂದ್ರದಲ್ಲಿ ತಮ್ಮ ಬಯೋಮೆಟ್ರಿಕ್ ವಿವರಗಳನ್ನು ನವೀಕರಿಸಿಕೊಳ್ಳಬಹುದಾಗಿದೆ.